ಎರಡೂ ಯಂತ್ರಕ್ಕೆ ಆಗುವಂಥದ್ದು

ಸರ್ ತೀರಿಕೊಂಡ ಮೇಲೆ ರಾಣೆಬೆನ್ನೂರಿನ ಒಂದು ಕಲ್ಯಾಣ ಮಂಟಪದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಊರಿನ ಪ್ರೆಸ್ಸಿನವರು ಬಂದಿದ್ದರು. ಒಬ್ಬರಾದ ಮೇಲೊಬ್ಬರು ಎದ್ದು, ಅವರು ಯಾರ ಹತ್ತಿರವೂ ಕೆಲಸಕ್ಕೆ ರೊಕ್ಕ ಮುಟ್ಟಲಿಲ್ಲ, ಕರೆದಲ್ಲಿಗೆ ಬಂದರು, ಕೇಳಿದವರಿಗೆಲ್ಲ ಕೊಟ್ಟರು ಅಂದರು. ಮೊದಲನೆಯ ಮಾತು ಖರೆ. ಎರಡನೆಯದು ಮುಕ್ಕಾಲು ಖರೆ. ಮೂರನೆಯದನ್ನು ನಾನು ಒಪ್ಪಲಾರೆ. ನೀವೂ ಎರಡು ಮಾತಾಡಿ ಅಂತ ಮೈಕು ನನ್ನ ಕಡೆ ತಂದರು. ಗಂಟಲು ಸರಿಯಿಲ್ಲ ಅಂದೆ. ಬ್ಯಾಡಗಿಯಂಥ ಮೆಣಸಿನಕಾಯಿ ಊರಿನವಳಾದ್ದರಿಂದ ಯಾರೂ ಅನುಮಾನ ಪಡಲಿಲ್ಲ.

ಸತ್ತವರನ್ನು ಆಡಿಕೊಳ್ಳಬಾರದು ಅನ್ನುವುದು ನನಗೂ ಗೊತ್ತಿದೆ. ಆದರೆ ನಾನು ಅವರು ಬದುಕಿದ್ದಾಗಲೇ, ಅವರ ಮನೆಯಲ್ಲೇ ಕೂತು, ಅವರ ಮುಖ ನೋಡಿಯೇ ಆಡಿದ್ದೇನೆ. ಆದ್ದರಿಂದ ಈಗ ಬರೆಯುವುದಕ್ಕೆ ನನಗೆ ಅಂಜಿಕೆಯಿಲ್ಲ.

ಬ್ಯಾಡಗಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇತ್ತು. ನಮ್ಮವರು ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತಿದ್ದರು, ನಾನು ಪ್ರೂಫ್ ನೋಡುತ್ತಿದ್ದೆ. ಲಗ್ನಪತ್ರಿಕೆ, ದಲಾಲಿ ಅಂಗಡಿಗಳ ಬಿಲ್ಲು ಎಲ್ಲ ಇದ್ದರೂ ನಮ್ಮ ಒಲೆ ಉರಿಯುತ್ತಿದ್ದದ್ದು ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರ ಕೆಲಸದಿಂದ. ಬದನೆ, ಟೊಮೆಟೊ, ಬೆಂಡೆ ಬೀಜದ ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನ ಹಾಗೆ ಅಚ್ಚಾಗುತ್ತದಲ್ಲ, ಯಾವಾಗ ಬಿತ್ತಬೇಕು, ಎಷ್ಟು ದೂರಕ್ಕೆ ನೆಡಬೇಕು ಅಂತ, ಅದೆಲ್ಲ ನಮ್ಮವರ ಕೈಯಲ್ಲಿ ಆಗಬೇಕಿತ್ತು. ಅಷ್ಟು ಸಣ್ಣ ಅಕ್ಷರದಲ್ಲೂ ಒತ್ತಕ್ಷರ ಒಂದರ ಮೇಲೊಂದು ಕೂರದ ಹಾಗೆ ಜೋಡಿಸುವುದರಲ್ಲಿ ಮೂರೂ ಊರಿನಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಹೆಂಡತಿಯೆಂದು ಹೇಳುತ್ತಿಲ್ಲ, ಪ್ರೂಫ್ ನೋಡಿದವಳೆಂದು ಹೇಳುತ್ತಿದ್ದೇನೆ.

ಆಗ ಪ್ರೆಸ್ಸಿನವರೆಲ್ಲ ಇಟ್ಟುಕೊಳ್ಳುತ್ತಿದ್ದದ್ದು ಮುದ್ರಣದ ಕೆಲಸಕ್ಕೇ ಹೆಸರಾದ, ಬಿಳಿ ಮೈಯ, ದುಬಾರಿ ಕಂಪ್ಯೂಟರು. ಆಫೀಸುಗಳಲ್ಲಿ ಇರುತ್ತಿದ್ದದ್ದು ಬೇರೆ, ಇದು ಬೇರೆ. ಇದು ಕೆಟ್ಟರೆ ಹುಬ್ಬಳ್ಳಿಗೆ ಓಡಬೇಕು, ಇಲ್ಲವೇ ರಾಣೆಬೆನ್ನೂರಿನ ಸರ್‌ಗೆ ಫೋನು ಮಾಡಬೇಕು. ಅವರು ಮುಂಬಯಿಯ ಯಾವುದೋ ದೊಡ್ಡ ಪ್ರೆಸ್ಸಿನಲ್ಲಿದ್ದು ಬಂದವರು. ಮನೆಯಲ್ಲಿ ಇಂಟರ್‌ನೆಟ್ ಇಟ್ಟುಕೊಂಡಿದ್ದರು, ಅದು ಆಗ ದೊಡ್ಡ ಮಾತು. ಪಾಠ ಹೇಳಿದವರಲ್ಲ, ಆದರೂ ಎಲ್ಲರಿಗೂ ಅವರು ಸರ್.

ಬ್ಯಾಡಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅವರಿಗೆ ಸೀನು ಶುರುವಾಗುತ್ತಿತ್ತು. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಬಗಲಲ್ಲಿ ಸಿ.ಡಿ.ಗಳ ಚೀಲ ಅವುಚಿಕೊಂಡು, ಸೀನುತ್ತಲೇ ನಮ್ಮ ಓಣಿಗೆ ಬರುತ್ತಿದ್ದರು. ಸೀನು ಕೇಳಿಸಿದ ಕೂಡಲೇ ನಮ್ಮವರು ಕುರ್ಚಿ ಒರೆಸುತ್ತಿದ್ದರು, ನಾನು ಚಹಾಕ್ಕೆ ಇಡುತ್ತಿದ್ದೆ. ಆ ಕುರ್ಚಿಯ ಮೇಲೆ ಕೂತರೆ ಅವರ ಬೆನ್ನೇ ಒಂದು ಗೋಡೆ. ಏನು ಒತ್ತಿದರು, ಏನು ಹಾಕಿದರು, ಏನು ತೆಗೆದರು ಒಂದೂ ಕಾಣಿಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಸಿ.ಡಿ.ಯನ್ನು ಅದೇ ಕರವಸ್ತ್ರದಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಒಂದು ಪ್ರತಿ ನಮ್ಮಲ್ಲಿರಲಿ ಸರ್ ಅಂತ ನಮ್ಮವರು ಅಂದರೆ, "ನಿಮಗ್ಯಾಕ ಬೇಕದು, ಕೆಡಸಿ ಇಡ್ತೀರಿ. ಹಾಕಿಕೊಡಾಕ ನಾ ಅದೀನಲ್ಲಾ," ಅನ್ನುತ್ತಿದ್ದರು. ರೊಕ್ಕ ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಚಹಾ, ಒಂದು ಪ್ಲೇಟು ಮಂಡಕ್ಕಿ, ಬಸ್ಸಿಗೆ ಹತ್ತಿಸಲು ಸ್ಟ್ಯಾಂಡಿನ ತನಕ ನಮ್ಮವರು, ಇಷ್ಟಾದರೆ ಅವರಿಗೆ ಸಾಕಿತ್ತು.

ಆ ವರ್ಷಗಳಲ್ಲೇ ಆ ಬಿಳಿ ಕಂಪ್ಯೂಟರಿನ ಕಂಪನಿಯವರು ಒಳಗಿನ ಪ್ರೊಸೆಸರ್ ಬದಲಿಸಿದರು. ಹೊರಗಿನಿಂದ ನೋಡಿದರೆ ಹಳೆಯದೂ ಹೊಸದೂ ಅಕ್ಕತಂಗಿಯರು. ಒಳಗೆ ಮಾತ್ರ ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಒಂದಕ್ಕೆ ಮಾಡಿದ ಸಾಫ್ಟ್‌ವೇರ್ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಹಾಗಾಗಿ ಇಂಟರ್‌ನೆಟ್ಟಿನಲ್ಲಿ ಒಂದೇ ಸಾಫ್ಟ್‌ವೇರಿಗೆ ಮೂರು ಬಗೆ ಇಡುತ್ತಿದ್ದರು. ಹಳೆಯ ಪ್ರೊಸೆಸರಿನದು ಒಂದು, ಹೊಸದರದು ಒಂದು, ಎರಡಕ್ಕೂ ಆಗುವ ಯೂನಿವರ್ಸಲ್ ಒಂದು. ಸರ್ ಇದನ್ನು ನಮಗೆ ಹೇಳಿದ್ದು ಮಂಡಕ್ಕಿ ತಿನ್ನುತ್ತಾ.

"ಯೂನಿವರ್ಸಲ್ ಅಂದ್ರ ರೊಟ್ಟಿನೂ ಅನ್ನನೂ ಎರಡೂ ಕಟ್ಟಿದ ಬುತ್ತಿ ನೋಡ್ರಿ. ಹಲ್ಲಿದ್ದಾಂವ ರೊಟ್ಟಿ ತಿಂತಾನ, ಇಲ್ಲದಾಂವ ಅನ್ನ ಉಣ್ತಾನ. ಯಾರೂ ಉಪವಾಸ ಇರಂಗಿಲ್ಲ. ಆದ್ರ ಬುತ್ತಿ ಬಾಳ ಭಾರ. ಫೋನಿನ ತಂತಿ ಮ್ಯಾಲೆ ಎಳದ ತರೂದ್ರಾಗ ಜೀವ ಹೋಗತೈತಿ."

"ಒಮ್ಮೆ ಎಳದ ತಂದ್ರ ಎಲ್ಲಾರಿಗೂ ಅದನ್ನ ಕೊಟ್ಟ ಬಿಡಬಹುದಲ್ರಿ," ಅಂದೆ ನಾನು.

"ಎಲ್ಲಾರ ಹತ್ರ ಎಲ್ಲಾ ಇದ್ರ ನನ್ನ ಯಾರು ಕರೀತಾರ್ರಿ ಬಾಯಾರ?"

ಅವರು ನಕ್ಕರು, ನಾವೂ ನಕ್ಕೆವು. ಬಂದ ಬುತ್ತಿಯನ್ನು ಅವರು ಬಿಚ್ಚಿ ಬೇರೆ ಮಾಡುತ್ತಿದ್ದರು. ಹೊಸ ಯಂತ್ರದ ಹಾವೇರಿಗೆ ಬರೀ ರೊಟ್ಟಿ, ಹಳೆಯದರ ಬ್ಯಾಡಗಿಗೆ ಬರೀ ಅನ್ನ. ಮೂರೂ ಊರಿನ ಪ್ರೆಸ್ಸಿನವರು ಮೊದಲಿಂದಲೂ ಒಬ್ಬರಿಗೊಬ್ಬರು ಆಗುತ್ತಿದ್ದವರು. ಒಬ್ಬರ ಯಂತ್ರ ಕೆಟ್ಟರೆ ಇನ್ನೊಬ್ಬರಲ್ಲಿ ಹೋಗಿ ಪುಟ ಕಟ್ಟಿಕೊಂಡು ಬರುತ್ತಿದ್ದರು, ಶಾಯಿಯಿಂದ ಹಿಡಿದು ಕಾಗದದವರೆಗೆ ಕೈಬದಲು ನಡೆಯುತ್ತಿತ್ತು. ಸರ್ ಬಂದ ಮೇಲೆ ಸಾಫ್ಟ್‌ವೇರ್ ಮಾತ್ರ ಯಾರ ಕೈಯಿಂದಲೂ ಯಾರ ಕೈಗೂ ಹೋಗದಂತಾಯಿತು. ಎಲ್ಲರೂ ಅವರಿಗೇ ಫೋನು ಮಾಡಬೇಕು, ಅವರೇ ಬರಬೇಕು. "ನಾಳೆ ಬರ್ತೇನಿ" ಅಂದರೆ ನಾಳೆಯ ತನಕ ಕೈಕಟ್ಟಿ ಕೂರಬೇಕು.

ಒಳ್ಳೆಯದನ್ನೂ ಹೇಳುತ್ತೇನೆ, ಹೇಳದಿದ್ದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಒಮ್ಮೆ ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ನಮ್ಮವರ ಬೆರಳು ಸೀಳಿತು. ಪ್ಯಾಕೆಟ್ಟಿನ ಕೆಲಸ ತುರ್ತಿನದು. ಸರ್ ತಾವಾಗಿಯೇ ದಿನಾ ರಾಣೆಬೆನ್ನೂರಿನಿಂದ ಬಸ್ಸಿಗೆ ಬಂದು, ಸೀನುತ್ತಾ ಕೂತು, ಕೆಲಸ ಮುಗಿಯುವ ತನಕ ಪುಟ ಕಟ್ಟಿಕೊಟ್ಟರು. ನಮ್ಮ ಮಗಳಿಗೆ ತಾವೇ ತುತ್ತು ಮಾಡಿ ಉಣಿಸಿದರು. ಬೆರಳಿಗೆ ಕಟ್ಟಿದ ಬಟ್ಟೆ ಬಿಚ್ಚಿದ ದಿನ ನಮ್ಮವರು ಅವರ ಕಾಲಿಗೆ ನಮಸ್ಕಾರ ಮಾಡಿದರು. ನನ್ನ ಗಂಡ ಹೆತ್ತವರ ಕಾಲಿಗಲ್ಲದೆ ಇನ್ನೊಬ್ಬರಿಗೆ ಬಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆ ಮನುಷ್ಯನೇ ಈ ಮನುಷ್ಯನೂ ಅನ್ನುವುದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ದಸರೆಯ ಖಂಡೇಪೂಜೆಯ ದಿನ ಮೂರೂ ಊರಿನ ಪ್ರೆಸ್ಸುಗಳಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಯಂತ್ರಗಳಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ಎಲ್ಲರೂ ಸರ್ ದಾರಿ ಕಾಯುವುದು. ಅವರು ಬಂದು ಕಂಪ್ಯೂಟರಿನ ಮುಂದೆ ಕಾಯಿ ಒಡೆದ ಮೇಲೆಯೇ ಮಂಗಳಾರತಿ. ಬೆಳಗ್ಗೆ ರಾಣೆಬೆನ್ನೂರು ಮುಗಿಸಿ, ಹಾವೇರಿಗೆ ಹೋಗಿ, ಸಂಜೆಗೆ ಬ್ಯಾಡಗಿಗೆ ಬರುತ್ತಿದ್ದರು. ಹಣೆಯ ತುಂಬ ಭಂಡಾರ, ಅಂಗಿಯ ಜೇಬಿನಲ್ಲಿ ಹೂವು. ಆ ದಿನ ಅವರ ನಡಿಗೆಯೇ ಬೇರೆ ಇರುತ್ತಿತ್ತು.

ಆ ವರ್ಷ ನನ್ನ ತಂಗಿಯ ಲಗ್ನವಾಗಿತ್ತು. ತಂಗಿ, ಅವಳ ಗಂಡ ಮೊದಲ ಹಬ್ಬಕ್ಕೆಂದು ಹುಬ್ಬಳ್ಳಿಯಿಂದ ನಮ್ಮ ಮನೆಗೆ ಬಂದರು. ಹಿಂದಿನ ದಿನವೇ ಕಂಪ್ಯೂಟರು ಸುಮ್ಮನಾಗಿತ್ತು. ಹುಡುಗ ಆಫೀಸಿನ ಕಂಪ್ಯೂಟರ್ ಬಲ್ಲವನು, ನಮ್ಮದರ ವಿಷಯ ಅವನಿಗೆ ತಿಳಿಯದು. ಹಿಂದೆ ಕೈ ಹಾಕಿ ನೋಡಿದ, ಒಂದು ವೈರು ಸಡಿಲಾಗಿತ್ತು, ಒತ್ತಿದ, ಹತ್ತಿಕೊಂಡಿತು. ಮರುದಿನ ಪೂಜೆಯ ಹೊತ್ತಿಗೆ ಹೊಸ ಅಳಿಯ ಮನೆಯಲ್ಲಿರುವಾಗ ಕಾಯಿಯನ್ನು ಇನ್ನೊಬ್ಬರ ಕೈಗೆ ಕೊಡುವುದು ಹೇಗೆ? ನಮ್ಮವರು ಅವನ ಕೈಗೆ ಕೊಟ್ಟರು. ಬೀಗರ ಮರ್ಯಾದೆ ಬಿಟ್ಟರೆ ಅವರ ತಲೆಯಲ್ಲಿ ಇನ್ನೇನೂ ಇರಲಿಲ್ಲ. ಅವನು ಕಾಯಿ ಒಡೆಯುವುದಕ್ಕೂ ಬಾಗಿಲಲ್ಲಿ ಸೀನು ಕೇಳಿಸುವುದಕ್ಕೂ ಸರಿಹೋಯಿತು.

"ಬರ್ರಿ ಸರ್, ಬರ್ರಿ. ಇವ್ರು ನಮ್ಮ ಷಡ್ಡಕರು. ನಿನ್ನೆ ಯಂತ್ರ ಬಂದ್ ಆಗಿತ್ತು, ಇವ್ರ ಚಾಲೂ ಮಾಡಿದ್ರು ನೋಡ್ರಿ," ಅಂದರು ನಮ್ಮವರು, ಖುಷಿಯಿಂದಲೇ.

"ಚಲೋ ಆತು," ಅಂದರು ಸರ್. ನಕ್ಕರು ಕೂಡ. ಮಂಗಳಾರತಿ ತಗೊಂಡರು, ಪ್ರಸಾದ ತಗೊಂಡರು. ಚಹಾ ಬೇಡ ಅಂದರು. ಬಸ್ಸಿಗೆ ಹತ್ತಿಸಲು ಹೊರಟ ನಮ್ಮವರಿಗೆ, "ಇರ್ಲಿ, ಮನ್ಯಾಗ ಬೀಗರ ಅದಾರ," ಅಂತ ಹೇಳಿ ಒಬ್ಬರೇ ಹೋದರು. ಅವರು ಚಹಾ ಬೇಡ ಅಂದದ್ದನ್ನು ನಾನು ಗಮನಿಸಿದೆ. ಹಬ್ಬದ ಗದ್ದಲದಲ್ಲಿ ಅದನ್ನು ದೊಡ್ಡದು ಮಾಡಲಿಲ್ಲ.

ಕೆಲವು ತಿಂಗಳ ಮೇಲೆ ಬೀಜದ ವ್ಯಾಪಾರಿ ತಮ್ಮ ಪುಟಗಳನ್ನೆಲ್ಲ ಪುಟ ಕಟ್ಟುವ ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ಬದಲಿಸಿದರು. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ತೆರೆಯದು. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾಗಿದ್ದ ಸಾಫ್ಟ್‌ವೇರು ಅದು, ಆದರೆ ಇಂಟರ್‌ನೆಟ್ ಇದ್ದದ್ದು ಸರ್ ಮನೆಯಲ್ಲಿ. ಬೇರೆ ಪ್ರೆಸ್ಸುಗಳಿಗೆ ಅವರೇ ಹೋಗಿ ಹಾಕಿಕೊಟ್ಟರು. ಅಲ್ಲಿ ಹೆಚ್ಚಿನವು ಹೊಸ ಯಂತ್ರಗಳು, ನಮ್ಮದು ಹಳೆಯದು. ನಮ್ಮವರು ರಾಣೆಬೆನ್ನೂರಿಗೆ ಹೋಗಿ ಕೇಳಿದಾಗ ಸರ್ ಎಂದೂ ಮಾಡದ ಕೆಲಸ ಮಾಡಿದರು, ಒಂದು ಸಿ.ಡಿ. ಕೈಗೆ ಕೊಟ್ಟರು.

"ಇದು ಯೂನಿವರ್ಸಲ್. ಎರಡೂ ಯಂತ್ರಕ್ಕ ಆಗತೈತಿ. ಈಗ ಎಲ್ಲಾ ಕಲ್ತೀರಿ, ನೀವ ಹಾಕ್ಕೋರಿ."

ನಮ್ಮವರು ಅದನ್ನು ದೇವರ ಪ್ರಸಾದದಂತೆ ಹಿಡಿದುಕೊಂಡು ಬಂದರು. ಹಾಕಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಮಗೆ ಅರ್ಥವಾಗದ ಏನೋ ಒಂದು ಸಾಲು ಬಂದು ನಿಂತಿತು, ಮುಂದೆ ಹೋಗಲಿಲ್ಲ. ತೆಗೆದು ಒರೆಸಿ ಮತ್ತೆ ಹಾಕಿದರು. ಅದೇ ಸಾಲು. ಫೋನು ಮಾಡಿದರೆ ಸರ್ "ಬ್ಯಾರೇರಿಗೆ ಆಗೈತಿ, ನಿಮಗ್ಯಾಕ ಆಗವಲ್ದು? ಸರಿಯಾಗಿ ನೋಡ್ರಿ," ಅಂದರು. ಬನ್ನಿ ಅಂದರೆ ಕೆಲಸ ಐತಿ ಅಂದರು. ಹಾವೇರಿಯ ಪ್ರೆಸ್ಸಿನವರನ್ನು ಕೇಳಿದರೆ ನಮಗೆ ಚಲೋ ನಡೀತೈತಲ್ಲ ಅಂದರು. ತಂಗಿಯ ಗಂಡನಿಗೆ ಫೋನು ಹಚ್ಚಿದರೆ ಅವನಿಗೆ ತಳಬುಡ ತಿಳಿಯಲಿಲ್ಲ. ನಮ್ಮವರು ಊಟ ಬಿಟ್ಟು ಆ ಯಂತ್ರದ ಮುಂದೆ ಕೂತಿರುತ್ತಿದ್ದರು. ಹುಬ್ಬಳ್ಳಿಗಾದರೂ ಒಯ್ಯೋಣ, ಇಲ್ಲವೇ ಹಾವೇರಿಗೆ ಹೋಗಿ ಪುಟ ಕಟ್ಟಿರಿ ಅಂದರೆ, "ಎಲ್ಲ್ಯೋ ನಾನ ತಪ್ಪ ಮಾಡಾಕತ್ತೇನಿ," ಅನ್ನುತ್ತಿದ್ದರು.

ಕೊನೆಗೊಂದು ದಿನ ಸರ್ ಬಂದರು. ಸೀನಿದರು, ಕೂತರು, ನೋಡಿದರು. ಬೆನ್ನು ತಿರುಗಿಸಿಕೊಂಡೇ ಅಂದರು, "ಸಿ.ಡಿ. ಚಲೋನ ಐತಿ. ಏನೇನೋ ಒತ್ತಿ ಯಂತ್ರ ಕೆಡಿಸೀರಿ. ಕಾಲ ಬದಲಾತ್ರಿ. ಇನ್ನ ಇದೆಲ್ಲ ನಿಮಗ ಬರಂಗಿಲ್ಲ, ಬಿಟ್ಟ ಬಿಡ್ರಿ."

ನಮ್ಮವರು ಬಸ್‌ಸ್ಟ್ಯಾಂಡಿನ ತನಕ ಹೋಗಿ ಅವರನ್ನು ಹತ್ತಿಸಿ ಬಂದರು.

ಬೀಜದ ಕೆಲಸ ಬೇರೆಯವರಿಗೆ ಹೋಯಿತು. ಬರೀ ಲಗ್ನಪತ್ರಿಕೆಯಿಂದ ಪ್ರೆಸ್ ಎಷ್ಟು ದಿನ ನಡೆದೀತು? ಬಾಗಿಲು ಹಾಕಿದೆವು. ಕಂಪ್ಯೂಟರನ್ನು ಗುಜರಿಯವನಿಗೆ ಕೊಡುವ ಮೊದಲು ನಮ್ಮವರು ಅದರ ಪರದೆ ಒರೆಸಿದರು. ಆಮೇಲೆ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲಗಳಿಗೆ ಹೆಸರು ಬರೆಯುವ ಕೆಲಸಕ್ಕೆ ಸೇರಿದರು. ತಗಡಿನ ಅಚ್ಚು ಇಡುವುದು, ಮಸಿಯ ಬ್ರಶ್ಶು ಎಳೆಯುವುದು. ಕೆಲಸ ಯಾವುದೂ ಕೀಳಲ್ಲ, ಅದಕ್ಕಾಗಿ ನಾನು ಅತ್ತವಳಲ್ಲ. ನನ್ನನ್ನು ಅಳಿಸಿದ್ದು ಬೇರೆ. ನಮ್ಮವರು ಇನ್ನು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಮಗಳು ಮೊಬೈಲಿನಲ್ಲಿ ಮೆಸೇಜು ನೋಡಪ್ಪಾ ಅಂದರೆ, "ನನಗ ಬರಂಗಿಲ್ಲವ್ವಾ ಅದೆಲ್ಲ," ಅನ್ನುವರು. ಗಡಿಯಾರಕ್ಕೆ ಸೆಲ್ಲು ಹಾಕಿರಿ ಅಂದರೆ, ಓಣಿಯಲ್ಲಿ ಯಾರನ್ನಾದರೂ ಕರಿ ಅನ್ನುವರು. ಸಾಸಿವೆಯಷ್ಟು ಅಕ್ಷರವನ್ನು ಕೂದಲೆಳೆಯಷ್ಟು ಸರಿಸಿ ಕೂರಿಸುತ್ತಿದ್ದ ಮನುಷ್ಯ ಹೀಗೆ ಆಗಿಹೋದರು.

ನಾನು ಹಾವೇರಿಯ ಒಂದು ಪ್ರೆಸ್ಸಿಗೆ ಪ್ರೂಫ್ ನೋಡಲು ಹೋಗತೊಡಗಿದೆ. ಅಲ್ಲಿ ಒಂದು ಹೊಸ ಯಂತ್ರ, ಒಂದು ಹಳೆಯದು, ಅಕ್ಕಪಕ್ಕ ಇದ್ದವು. ಒಂದು ಸಲ ಹೊಸದರಲ್ಲಿ ಎಲ್ಲ ಅಳಿಸಿಹೋಗಿ ಸಾಫ್ಟ್‌ವೇರನ್ನು ಮತ್ತೆ ಹಾಕಬೇಕಾಯಿತು. ಸರ್‌ಗೆ ಮೈಯಲ್ಲಿ ಹುಷಾರಿರಲಿಲ್ಲ. ನಮ್ಮಲ್ಲೊಂದು ಯೂನಿವರ್ಸಲ್ ಸಿ.ಡಿ. ಇದೆ, ನಮಗಂತೂ ದಕ್ಕಲಿಲ್ಲ ಅಂತ ಮಾಲೀಕರಿಗೆ ತಂದುಕೊಟ್ಟೆ. ಹೊಸದರಲ್ಲಿ ಹಾಕಿದ ತಕ್ಷಣ ಕೂತುಕೊಂಡಿತು. ಎರಡಕ್ಕೂ ಆಗುವುದಾದರೆ ಹಳೆಯದಕ್ಕೂ ಹಾಕೋಣ ಅಂತ ಅವರು ಆ ಕಡೆ ತಿರುಗಿದರು. ಪರದೆಯ ಮೇಲೆ ಆ ಸಾಲು ಬಂತು. ಅದರ ಆಕಾರ ನನಗೆ ಬಾಯಿಪಾಠವಾಗಿತ್ತು.

ಮಾಲೀಕರು ಅದನ್ನು ಓದಿದರು. ಸಿ.ಡಿ.ಯೊಳಗಿನ ವಿವರ ತೆಗೆದು ನೋಡಿದರು. "ಯಾರ್ರಿ ಹೇಳಿದ್ರು ಇದು ಯೂನಿವರ್ಸಲ್ ಅಂತ? ಇದು ಬರೀ ಹೊಸ ಪ್ರೊಸೆಸರಿಂದು. ಹಳೇದ್ರಾಗ ಏಳು ಜನ್ಮಕ್ಕೂ ನಡಿಯಂಗಿಲ್ಲ," ಅಂದರು.

ಅಷ್ಟರಲ್ಲಿ ಅವರ ಪ್ರೆಸ್ಸಿಗೂ ಇಂಟರ್‌ನೆಟ್ ಬಂದಿತ್ತು. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಆ ಸಾಫ್ಟ್‌ವೇರಿನ ಪುಟ ತೆರೆದರು. ಮೂರೂ ಸಾಲಾಗಿ ಇದ್ದವು, ಯೂನಿವರ್ಸಲ್ಲೇ ಎಲ್ಲಕ್ಕಿಂತ ಮೇಲೆ. ಅದನ್ನು ಅಲ್ಲಿಟ್ಟ ತಾರೀಖು ನಮ್ಮ ಪ್ರೆಸ್ಸಿಗೆ ಬೀಗ ಬೀಳುವುದಕ್ಕಿಂತ ಬಹಳ ಹಿಂದಿನದು. ಇಳಿಸಿ ಹಳೆಯ ಯಂತ್ರಕ್ಕೆ ಹಾಕಿದರು. ನಡೆಯಿತು. ಬೀಜದ ಪ್ಯಾಕೆಟ್ಟಿನ ಹೊಸ ಪುಟವೊಂದನ್ನು ತೆರೆದು ತೋರಿಸಿದರು, ಅದೂ ತೆರೆಯಿತು. ಒತ್ತಕ್ಷರಗಳು ಒಂದರ ಮೇಲೊಂದು ಕೂತಿದ್ದವು, ನಮ್ಮವರು ಕಂಡಿದ್ದರೆ ಸಹಿಸುತ್ತಿರಲಿಲ್ಲ.

ಮರುದಿನ ರಜೆ ಹಾಕಿ ರಾಣೆಬೆನ್ನೂರಿಗೆ ಹೋದೆ. ಸರ್ ಹಾಸಿಗೆಯ ಮೇಲೆ ದಿಂಬಿಗೆ ಒರಗಿ ಕೂತಿದ್ದರು, ಬಡಕಲಾಗಿದ್ದರು. ಅವರ ಮನೆಯವರು ಚಹಾ ತಂದಿಟ್ಟು ಒಳಗೆ ಹೋದರು. ನಾನು ಸಿ.ಡಿ.ಯನ್ನು ಹಾಸಿಗೆಯ ಮೇಲಿಟ್ಟು, ಹಾವೇರಿಯಲ್ಲಿ ಕಂಡದ್ದನ್ನು ಹೇಳಿದೆ. ಕೈತಪ್ಪಿ ಬೇರೆಯದನ್ನು ಕೊಟ್ಟೆ ಅನ್ನುತ್ತಾರೆ, ಆಗ ನಂಬಿಬಿಡೋಣ ಅಂತ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಅಷ್ಟು ಉಪಕಾರವನ್ನೂ ಮಾಡಲಿಲ್ಲ.

"ಹೌದ್ರಿ. ಗೊತ್ತಿದ್ದ ಕೊಟ್ಟೆ."

"ಎರಡಕ್ಕೂ ಆಗೂದು ನಿಮ್ಮ ಚೀಲದಾಗ ಇತ್ತೇನ್ರಿ?"

"ಇತ್ತು."

"ಮತ್ತ ಯಾಕ್ರಿ?"

ಅವರು ಕಿಟಕಿಯ ಕಡೆ ನೋಡಿದರು. "ಕಾಯಿ ಒಡಿಯಾಕ ಒಬ್ಬರು, ಸಿ.ಡಿ. ಕೊಡಾಕ ಒಬ್ಬರು. ಅವತ್ತ ಕಾಯಿ ಒಡದ್ರಲ್ಲ, ಅವ್ರನ್ನ ಕೇಳಬೇಕಾಗಿತ್ತು."

"ಒಂದ ತೆಂಗಿನಕಾಯಿಗೆ ನನ್ನ ಗಂಡನ ಬಾಳೇವು ಮುರದ್ರಿ ನೀವು," ಅಂದೆ. "ಪ್ರೆಸ್ ಹೋದ್ರ ಹೋಗ್ಲಿ. ನಿಮಗ ಬರಂಗಿಲ್ಲ ಅಂತ ಯಾಕ ಅಂದ್ರಿ? ಆ ಮಾತು ಅವ್ರಿಗೆ ಎದಿಯಾಗ ನಟ್ಟೈತಿ."

ಚಹಾ ಕುಡಿಯದೆ ಎದ್ದು ಬಂದೆ.

ಹೇಳಿಬಿಡಬೇಕೆಂದೇ ಮನೆಗೆ ಬಂದೆ. ಉಣ್ಣಲು ಕೂತ ನಮ್ಮವರು, "ಸರ್‌ಗೆ ಬಾಳ ಜಡ್ಡಾಗೈತಂತ. ಐತಾರ ಹೋಗಿ ಮಾತಾಡ್ಸಿ ಬರೂಣು. ನನ್ನ ಸಲವಾಗಿ ಬಾಳ ಒದ್ದಾಡಿದ ಜೀವ," ಅಂದರು. ಅವರ ಪ್ರೆಸ್ ಹೋಗಿತ್ತು, ಕಸುಬು ಹೋಗಿತ್ತು. ಸಾಯಲು ಮಲಗಿದ ಒಬ್ಬ ಸ್ನೇಹಿತನನ್ನಾದರೂ ಉಳಿಸೋಣ ಅಂತ ನಾಲಿಗೆ ಕಚ್ಚಿಕೊಂಡೆ. ಆ ಐತವಾರ ಬರುವುದರೊಳಗೇ ಸರ್ ಹೋಗಿಬಿಟ್ಟರು.

ಶ್ರದ್ಧಾಂಜಲಿ ಸಭೆಯಲ್ಲಿ ನಾನು ಗಂಟಲು ಸರಿಯಿಲ್ಲ ಅಂದಮೇಲೆ ಮೈಕು ಪಕ್ಕಕ್ಕೆ, ನಮ್ಮವರ ಕೈಗೆ ಹೋಯಿತು. ಅವರು ಸಭೆಯಲ್ಲಿ ಎಂದೂ ಮಾತಾಡಿದವರಲ್ಲ.

"ಸರ್ ನನಗ ಎಲ್ಲಾ ಕೊಟ್ಟಿದ್ರು. ಎರಡೂ ಯಂತ್ರಕ್ಕ ಆಗೂವಂಥಾ ಸಿ.ಡಿ. ನನ್ನ ಕೈಯಾಗ ಇಟ್ಟಿದ್ರು," ಅಂದರು. "ನಾನ ದಡ್ಡ. ಎಲ್ಲಾರಿಗೂ ಬಂತು, ನನಗ ಬರ್ಲಿಲ್ಲ. ನನ್ನ ಪ್ರೆಸ್ ಹೋದದ್ದು ನನ್ನ ದಡ್ಡತನದಿಂದ. ಸರ್ ಮ್ಯಾಲೆ ಯಾರೂ ತಪ್ಪ ತಿಳಕೋಬಾರದು."

ಎಲ್ಲರೂ ಲೊಚಗುಟ್ಟಿದರು. ಮುಂದಿನ ಸಾಲಿನಲ್ಲಿದ್ದ ಯಾರೋ ಅವರ ಬೆನ್ನು ಸವರಿದರು. ಸತ್ತವನ ಮರ್ಯಾದೆಗಾಗಿ ನನ್ನ ಗಂಡ ಮೂರೂರಿನ ಜನರೆದುರು ತನ್ನನ್ನು ತಾನೇ ದಡ್ಡ ಅಂದುಕೊಂಡು ಕೈಮುಗಿದು ಕೂತರು. ಆ ಮಂಟಪದಲ್ಲಿ ಆ ಹೊತ್ತು ನನಗೆ ಹುಟ್ಟಿದ ಸಿಟ್ಟನ್ನು ಯಾವ ಭಾಷೆಯಲ್ಲಿ ಬರೆಯಬೇಕೋ ತಿಳಿಯದು.

ಬಸ್ಸಿನಲ್ಲಿ ಹೇಳಿದೆ. ಹಾವೇರಿಯ ಎರಡು ಯಂತ್ರ, ಆ ಸಾಲು, ಸರ್ ಮನೆಯಲ್ಲಿ ಆಡಿದ ಮಾತು, ಒಂದೂ ಬಿಡದೆ ಹೇಳಿದೆ. ಅವರು ಸಿಟ್ಟಾಗುತ್ತಾರೆ, ಇಲ್ಲವೇ ಸರ್ ಅಂಥವರಲ್ಲ ಅಂತ ನನ್ನ ಮೇಲೆಯೇ ಏರಿ ಬರುತ್ತಾರೆ ಅಂದುಕೊಂಡಿದ್ದೆ. ಅವರು ಸರ್ ಹೆಸರನ್ನೇ ಎತ್ತಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದುಕೊಂಡರು.

"ಹಂಗಾದ್ರ ನಾ ಹಾಕಿದ್ದು ಸರಿ ಇತ್ತೇನು?"

"ಸರಿ ಇತ್ತು."

"ನಾ ಏನೂ ಕೆಡಿಸಿರ್ಲಿಲ್ಲ?"

"ಏನೂ ಕೆಡಿಸಿರ್ಲಿಲ್ಲ. ನಿಮಗ ಬರ್ತಿತ್ತು."

ಬಸ್ಸು ಮೋಟೆಬೆನ್ನೂರು ದಾಟಿ ಬ್ಯಾಡಗಿಯ ರಸ್ತೆಗೆ ಹೊರಳಿತು. ಅವರು ನನ್ನ ಕಡೆ ತಿರುಗಿದರು. ಅವರ ಮಸಿ ಹತ್ತಿದ ಬೆರಳುಗಳು ಇನ್ನೂ ಕಂಬಿಯ ಮೇಲೇ ಇದ್ದವು.

"ಇನ್ನೊಮ್ಮೆ ಹೇಳು," ಅಂದರು.